ಇಲ್ಲದ ಪ್ರಾಣಿಗೆ ಇರುವ ಅಂಗಗಳು

ಕಳೆದ ದಸರೆಯ ರಜೆಯಲ್ಲಿ ನಮ್ಮ ನೆರೆಮನೆಯ ಹುಡುಗಿ ತಾನು ಬರೆದ ಚಿತ್ರವೊಂದನ್ನು ತಂದು ತೋರಿಸಿದಳು. ಕಾಗದದ ಮೇಲಿನದಲ್ಲ, ಈಗಿನ ಮಕ್ಕಳ ಕೈಗೆ ಬಂದಿರುವ ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಬರೆದದ್ದು. ಬಂಡೆಯ ಮೇಲೆ ರೆಕ್ಕೆಯುಳ್ಳ ಒಂದು ಮೃಗ, ಅದರ ಹಿಂದೆ ಬೆಟ್ಟಸಾಲು. ಮೃಗಕ್ಕೆ ಕೊಂಬು, ಉಗುರು, ಮೀನಿನಂಥ ಹುರುಪೆ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಅದು ಭಯ ಹುಟ್ಟಿಸಲಿಲ್ಲ; ಗೋಡೆಗೆ ಅಂಟಿಸಿದ ಕಾಗದದ ಗೊಂಬೆಯಂತಿತ್ತು. “ಏನೋ ಸರಿಯಿಲ್ಲ ತಾತ, ಏನೆಂದು ಗೊತ್ತಾಗುತ್ತಿಲ್ಲ. ಅಳಿಸಿಬಿಡುತ್ತೇನೆ” ಎಂದಳು. ಮನೆಯಲ್ಲಿ ಯಾರೋ ನಕ್ಕಿದ್ದರೆಂದು ಆಮೇಲೆ ತಿಳಿಯಿತು.

ನಾನು ಕುಂಚ ಹಿಡಿದವನಲ್ಲ. ಇತಿಹಾಸದ ಪುಸ್ತಕಗಳನ್ನು ಓದಿಕೊಂಡಿರುವವನು. ಆದ್ದರಿಂದ ಅವಳಿಗೆ ಒಂದು ಗುರಾಣಿಯ ಕಥೆ ಹೇಳಿದೆ.

ಇಟಲಿಯ ವಿಂಚಿ ಎಂಬ ಊರಿನ ಬಳಿ 1452ರಲ್ಲಿ ಹುಟ್ಟಿದ ಲಿಯೊನಾರ್ಡೊನ ತಂದೆ ಸೆರ್ ಪಿಯೆರೊ ನೋಟರಿ ವೃತ್ತಿಯವನು. ಅವನ ಪರಿಚಯದ ರೈತನೊಬ್ಬ ಅಂಜೂರದ ಮರದಿಂದ ಮಾಡಿದ ದುಂಡು ಗುರಾಣಿಯೊಂದನ್ನು ತಂದು, ಫ್ಲಾರೆನ್ಸಿನಲ್ಲಿ ಇದರ ಮೇಲೆ ಏನಾದರೂ ಚಿತ್ರ ಬರೆಯಿಸಿಕೊಡಿ ಎಂದು ಕೇಳಿಕೊಂಡನಂತೆ. ತಂದೆ ಅದನ್ನು ಮಗನ ಮುಂದಿಟ್ಟ. ಸೊಟ್ಟಗಿದ್ದ ಹಲಗೆಯನ್ನು ಲಿಯೊನಾರ್ಡೊ ಬೆಂಕಿಯ ಕಾವಿನಲ್ಲಿ ನೆಟ್ಟಗೆ ಮಾಡಿದ. ನಯ ಮಾಡಿಸಿ, ಬಿಳಿಯ ಲೇಪ ಕೊಟ್ಟ. ಎದುರಾದ ಶತ್ರು ಕಂಡೊಡನೆ ಬೆಚ್ಚಬೇಕು, ಅಂಥ ಮೃಗ ಬೇಕು. ಅದಕ್ಕಾಗಿ ಅವನು ಕಣ್ಣು ಮುಚ್ಚಿ ಧ್ಯಾನಿಸುತ್ತ ಕುಳಿತುಕೊಳ್ಳಲಿಲ್ಲ. ಹಲ್ಲಿ, ಹಾವು, ಚಿಟ್ಟೆ, ಮಿಡತೆ, ಬಾವಲಿ ಮೊದಲಾದುವನ್ನು ಹಿಡಿದು ತಂದು ತನ್ನೊಬ್ಬನ ಕೋಣೆಯಲ್ಲಿ ಕೂಡಿಹಾಕಿದ. ಇದರಿಂದ ಒಂದು, ಅದರಿಂದ ಒಂದು ಅಂಗವನ್ನು ತೆಗೆದುಕೊಂಡು, ಕತ್ತಲ ಬಂಡೆಯ ಬಿರುಕಿನಿಂದ ವಿಷ ಕಾರುತ್ತ ಹೊರಬರುವ ಒಂದೇ ಮೃಗವನ್ನು ರಚಿಸಿದ. ಸತ್ತ ಪ್ರಾಣಿಗಳ ನಾತ ಕೋಣೆಯನ್ನೆಲ್ಲ ತುಂಬಿದ್ದರೂ ಕೆಲಸದ ಗುಂಗಿನಲ್ಲಿ ಅವನಿಗೆ ಅದು ತಿಳಿಯಲಿಲ್ಲವಂತೆ.

ತಂದೆ ಬರುವ ಹೊತ್ತಿಗೆ ಕಿಟಕಿಯ ಬೆಳಕನ್ನು ಮಂದ ಮಾಡಿ, ಗುರಾಣಿಯನ್ನು ಈಸೆಲ್ ಮೇಲೆ ನಿಲ್ಲಿಸಿ ಬಾಗಿಲು ತೆರೆದ. ಸೆರ್ ಪಿಯೆರೊ ಬೆಚ್ಚಿ ಹಿಂದೆ ಸರಿದ. ತಾನು ಬಯಸಿದ್ದೂ ಇದನ್ನೇ ಎಂದ ಮಗ. ಈ ತಂದೆಯೇನು ಸಾಮಾನ್ಯನೆ! ಪೇಟೆಯಲ್ಲಿ ಬಾಣ ನಾಟಿದ ಹೃದಯದ ಚಿತ್ರವಿದ್ದ ಇನ್ನೊಂದು ಗುರಾಣಿಯನ್ನು ಕೊಂಡು ರೈತನಿಗೆ ಕೊಟ್ಟು, ಮಗನದನ್ನು ಗುಟ್ಟಾಗಿ ವರ್ತಕರಿಗೆ 100 ಡುಕಾಟಿಗೆ ಮಾರಿದ. ಅವರು ಅದನ್ನು ಮಿಲಾನಿನ ಡ್ಯೂಕನಿಗೆ 300ಕ್ಕೆ ಮಾರಿದರು. ರೈತ ಪಾಪ, ಜೀವಮಾನವೆಲ್ಲ ಉಪಕಾರ ಸ್ಮರಿಸುತ್ತಿದ್ದನಂತೆ.

ಈ ಕಥೆಯನ್ನು ಹೇಳಿದವನು ಚಿತ್ರಕಾರರ ಚರಿತ್ರೆಗಳನ್ನು ಬರೆದ ವಸಾರಿ. ಲಿಯೊನಾರ್ಡೊ 1519ರಲ್ಲಿ ತೀರಿಕೊಂಡಾಗ ವಸಾರಿ ಇನ್ನೂ ಏಳು ವರ್ಷದ ಹುಡುಗ. ಆ ಗುರಾಣಿಯೂ ಇಂದು ಎಲ್ಲಿಯೂ ಇಲ್ಲ. ಆದ್ದರಿಂದ ಕಥೆಯಲ್ಲಿ ಉಪ್ಪುಖಾರ ಎಷ್ಟು ಬೆರೆತಿದೆಯೊ! ಆದರೆ ಅದರ ತಿರುಳು ಸುಳ್ಳಲ್ಲವೆನ್ನಲು ಲಿಯೊನಾರ್ಡೊನ ಸ್ವಂತ ಟಿಪ್ಪಣಿಗಳೇ ಸಾಕ್ಷಿ. ಇಲ್ಲದ ಪ್ರಾಣಿಯನ್ನು ಬರೆಯುವಾಗಲೂ ಅದರ ಒಂದೊಂದು ಅಂಗವೂ ಇರುವ ಯಾವುದಾದರೊಂದು ಪ್ರಾಣಿಯ ಅಂಗವನ್ನು ಹೋಲಲೇಬೇಕೆಂದು ಅವನು ಬರೆದಿಟ್ಟಿದ್ದಾನೆ. ಘಟಸರ್ಪ ಬೇಕೆ? ದೊಡ್ಡ ಕಾವಲುನಾಯಿಯ ತಲೆ, ಬೆಕ್ಕಿನ ಕಣ್ಣು, ಮುಳ್ಳುಹಂದಿಯ ಕಿವಿ, ಬೇಟೆನಾಯಿಯ ಮೂಗು, ಸಿಂಹದ ಹುಬ್ಬು, ಮುದಿ ಹುಂಜದ ಕಣತಲೆ, ನೀರಾಮೆಯ ಕತ್ತು. ಅಡುಗೆಗೆ ಸಾಮಾನು ಬರೆದುಕೊಟ್ಟಂತಿದೆ! ನಮ್ಮ ಹಳೇಬೀಡಿನ ಶಿಲ್ಪಿಗಳು 12ನೆಯ ಶತಮಾನದಲ್ಲೇ ಈ ಗುಟ್ಟನ್ನು ಬಲ್ಲವರಾಗಿದ್ದರು. ಹೊಯ್ಸಳೇಶ್ವರ ದೇವಾಲಯದ ಗೋಡೆಯ ಪಟ್ಟಿಕೆಯಲ್ಲಿ ಸಾಲಾಗಿ ನಿಂತ ಮಕರಗಳಲ್ಲಿ ಆನೆಯ ಸೊಂಡಿಲನ್ನೂ ಮೊಸಳೆಯ ಬಾಯನ್ನೂ ಮಗುವೂ ಗುರುತಿಸೀತು.

ಹುಡುಗಿಯ ಮೃಗದ ರೆಕ್ಕೆಗಳಿಗೆ ಭುಜವೇ ಇರಲಿಲ್ಲ. ಬಾವಲಿಯ ರೆಕ್ಕೆಯೆಂದರೆ ಬೆರಳುಗಳು ನೀಳವಾಗಿ ಬೆಳೆದು, ಅವುಗಳ ನಡುವೆ ತೊಗಲು ಹರಡಿದ ಕೈಯೇ ಎಂಬುದನ್ನು ಅವಳು ನೋಡಿರಲಿಲ್ಲ.

ಇನ್ನು ಬೆಟ್ಟ. ಲಿಯೊನಾರ್ಡೊನ ಕೈಬರಹದಲ್ಲೇ ತಾರೀಖುಳ್ಳ ಒಂದು ಲೇಖನಿಯ ಚಿತ್ರ ಫ್ಲಾರೆನ್ಸಿನಲ್ಲಿ ಉಳಿದಿದೆ: 1473ರ ಆಗಸ್ಟ್ 5. ಆಗ ಅವನಿಗೆ 21 ವರ್ಷ. ಹತ್ತಿರದ ಬಂಡೆಗಳು, ನಡುವೆ ಕಣಿವೆಯ ಬಯಲು, ಆಚೆ ಹಗುರವಾದ ಗೆರೆಗಳಲ್ಲಿ ದೂರದ ಗುಡ್ಡಗಳು. ನಮಗೂ ದೂರದ ವಸ್ತುವಿಗೂ ನಡುವೆ ಇರುವ ಗಾಳಿಗೂ ಬಣ್ಣವುಂಟೆಂದು ಅವನು ಮುಂದೆ ಬರೆದ. ಐದು ಪಾಲು ದೂರದಲ್ಲಿರುವ ಕಟ್ಟಡವನ್ನು ಐದು ಪಾಲು ಹೆಚ್ಚು ನೀಲಿಯಾಗಿ ಬರೆಯಬೇಕೆಂದ. ಆಗುಂಬೆಯ ಅಂಚಿನಲ್ಲಿ ನಿಂತು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೂರ ಹೋದಂತೆ ಕಪ್ಪು ಮಾಸುತ್ತದೆ, ಅಂಚು ಕರಗುತ್ತದೆ. ನಮ್ಮ ಹುಡುಗಿಯಾದರೋ ಮೃಗದ ಉಗುರಿಗೂ ಹತ್ತು ಮೈಲಿ ಆಚೆಯ ಶಿಖರಕ್ಕೂ ಒಂದೇ ಕಪ್ಪು ಗೆರೆ ಎಳೆದಿದ್ದಳು.

ಇದು ಅವಳದೊಬ್ಬಳದೇ ತಪ್ಪಲ್ಲ. ಉಪಕರಣದ ಪಾಲೂ ಉಂಟು. ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯುವ ‘ಸ್ಕೆಚ್‌ಪ್ಯಾಡ್’ ಎಂಬ ಏರ್ಪಾಟನ್ನು ಐವಾನ್ ಸದರ್ಲೆಂಡ್ ಅಮೆರಿಕದಲ್ಲಿ 1963ರಲ್ಲಿ ಮುಂದಿಟ್ಟ. 1990ರಲ್ಲಿ ‘ಫೋಟೋಶಾಪ್’ ಬಂದಿತು. 1994ರಲ್ಲಿ ಅದಕ್ಕೆ ಪದರಗಳು ಸೇರಿದುವು. ಎಂದರೆ ಮೃಗವನ್ನೊಂದು ಪಾರದರ್ಶಕ ಹಾಳೆಯ ಮೇಲೆ, ಬೆಟ್ಟವನ್ನು ಇನ್ನೊಂದರ ಮೇಲೆ ಬರೆಯುವ ಸೌಕರ್ಯ. ಒಂದನ್ನು ತಿದ್ದಿದರೆ ಇನ್ನೊಂದು ಕೆಡದು. ಆದರೆ ಬೇರೆ ಬೇರೆಯಾಗಿ ಬರೆದ ಎರಡಕ್ಕೆ ಬೇರೆ ಬೇರೆ ಸೂರ್ಯರು ಹುಟ್ಟಿಕೊಳ್ಳುವುದೂ ಸುಲಭ. ಅವಳ ಚಿತ್ರದಲ್ಲಿ ಮೃಗಕ್ಕೆ ಎಡದಿಂದ ಬಿಸಿಲು, ಬೆಟ್ಟಕ್ಕೆ ಬಲದಿಂದ! ಮೃಗದ ಕಾಲಡಿಯಲ್ಲಿ ನೆರಳೇ ಇಲ್ಲ.

ಇವನ್ನೆಲ್ಲ ನಾನು ಒಂದೊಂದಾಗಿ ಎತ್ತಿ ತೋರಿಸಿದ್ದರೆ ಅವಳು ಆ ಗಳಿಗೆಯಲ್ಲೇ ಅಳಿಸಿಬಿಡುತ್ತಿದ್ದಳೇನೊ. ಲಿಯೊನಾರ್ಡೊನ ಇನ್ನೊಂದು ಉಪಾಯ ಜ್ಞಾಪಕಕ್ಕೆ ಬಂದಿತು. ಬರೆಯುವಾಗ ಹತ್ತಿರ ಒಂದು ಕನ್ನಡಿ ಇಟ್ಟುಕೊಂಡು ಚಿತ್ರವನ್ನು ಅದರಲ್ಲಿ ನೋಡು. ಎಡಬಲ ತಿರುಗಿದಾಗ ಅದು ಬೇರೊಬ್ಬನ ಕೈಕೆಲಸದಂತೆ ಕಾಣುತ್ತದೆ, ತಪ್ಪುಗಳು ತಾವಾಗಿ ಕಣ್ಣಿಗೆ ಬೀಳುತ್ತವೆ ಎನ್ನುತ್ತಾನೆ. ನಡುನಡುವೆ ಕೆಲಸ ಬಿಟ್ಟು ಎದ್ದುಹೋಗಿ ಬಾ ಎಂದೂ ಹೇಳಿದ್ದಾನೆ. ಕನ್ನಡಿಯ ಮಾತು ಕೇಳಿ ಹುಡುಗಿ ನಕ್ಕಳು. “ಇದರಲ್ಲೇ ಇದೆ ತಾತ” ಎಂದು ಯಾವುದೋ ಗುಂಡಿ ಒತ್ತಿದಳು. ಚಿತ್ರ ಮಗುಚಿಕೊಂಡಿತು.

ಸ್ವಲ್ಪ ಹೊತ್ತು ಮಾತಿಲ್ಲ. “ಒಂದು ರೆಕ್ಕೆ ಕುತ್ತಿಗೆಯಿಂದ ಹೊರಟಿದೆ” ಎಂದಳು. ಮತ್ತೆ, “ಬಿಸಿಲೂ ತಪ್ಪಿದೆ.”

ಅಳಿಸಲಿಲ್ಲ. ಆ ಸಂಜೆ ಬೀದಿಯ ಕೊನೆಯ ಆಲದ ಮರದ ಕೆಳಗೆ, ಬಾವಲಿಗಳು ಏಳುವ ಹೊತ್ತಿಗೆ, ಕತ್ತು ಮೇಲೆತ್ತಿಕೊಂಡು ನಿಂತಿದ್ದಳು.