ಅಪ್ಪನ ವಯಸ್ಸು 68, ಕಾರಿನ ವಯಸ್ಸು 9: ವಿಮೆ ನೋಡೋದು ಯಾವುದನ್ನು?

ನಮ್ಮ ಪೀಳಿಗೆಯ ಎಷ್ಟೋ ಮನೆಗಳಲ್ಲಿ ಕಾರು ಅಪ್ಪನದು, ಅದರ ವಿಮೆ ನವೀಕರಿಸುವ ಕೆಲಸ ಮಾತ್ರ ಮಕ್ಕಳದು. ರಿನ್ಯೂವಲ್ ಮೆಸೇಜ್ ಬಂದ ದಿನ ಊರಿಂದ ಫೋನ್ ಬರುತ್ತೆ. ನಾವು ಆಫೀಸಿನಲ್ಲಿ ಕೂತು ಆ್ಯಪ್ ತೆಗೆದು, ಅತಿ ಕಡಿಮೆ ಮೊತ್ತ ತೋರಿಸಿದ್ದನ್ನು ಒತ್ತಿಬಿಡ್ತೀವಿ. ಆ ಮೂರು ನಿಮಿಷದಲ್ಲಿ ಮಾಡುವ ಆಯ್ಕೆಗಳು ಅರವತ್ತು ದಾಟಿದ ಚಾಲಕರಿಗೆ ಆಮೇಲೆ ದುಬಾರಿಯಾಗಬಹುದು.

ಮೊದಲು ಒಂದು ಆಮದು ನಂಬಿಕೆಯನ್ನು ಬದಿಗಿಡೋಣ. ವಯಸ್ಸಾದವರಿಗೆ ಕಾರು ವಿಮೆ ಜಾಸ್ತಿ ಅನ್ನೋದು ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ನಿಜ. (ಹವಾಯಿಯಲ್ಲಿ ವಯಸ್ಸು ನೋಡಿ ದರ ಹಾಕುವಂತೆಯೇ ಇಲ್ಲ. ಕ್ಯಾಲಿಫೋರ್ನಿಯಾದ ಜನ 1988ರಲ್ಲಿ ಮತ ಹಾಕಿ ತಂದ ಕಾನೂನು ಚಾಲನಾ ದಾಖಲೆ, ಓಡಿಸಿದ ದೂರ, ಅನುಭವಕ್ಕೆ ಮೊದಲ ಸ್ಥಾನ ಕೊಟ್ಟಿದೆ.) ನಮ್ಮಲ್ಲಿ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯ ದರವನ್ನು ಕೇಂದ್ರ ಸರ್ಕಾರವೇ ಅಧಿಸೂಚನೆ ಮೂಲಕ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದ ಪ್ರಕಾರ ಖಾಸಗಿ ಕಾರಿಗೆ 1,000 ಸಿಸಿವರೆಗೆ ರೂ. 2,094, 1,500 ಸಿಸಿವರೆಗೆ ರೂ. 3,416, ಅದಕ್ಕೂ ಮೇಲೆ ರೂ. 7,897. ಜೊತೆಗೆ ಶೇ. 18 ಜಿಎಸ್‌ಟಿ. ಈ ಪಟ್ಟಿಯಲ್ಲಿ ಚಾಲಕರ ವಯಸ್ಸಿಗೆ ಕಾಲಮ್ಮೇ ಇಲ್ಲ. ನಮ್ಮ ಸ್ವಂತ ಕಾರಿನ ಹಾನಿಗೆ ಕಟ್ಟುವ ಓನ್ ಡ್ಯಾಮೇಜ್ ಭಾಗಕ್ಕೂ ಮೂಲ ಲೆಕ್ಕ ಕಾರಿನದ್ದೇ: ಅದರ ಈಗಿನ ಮೌಲ್ಯ ಅಂದರೆ ಐಡಿವಿ, ಎಂಜಿನ್ ಗಾತ್ರ, ಕಾರಿನ ವಯಸ್ಸು, ನೋಂದಣಿಯಾದ ಊರು. ಇದರ ಮೇಲೆ ಕಂಪನಿಗಳು ತಮಗೆ ತೋಚಿದ ರಿಯಾಯಿತಿ ಕೊಡುತ್ತವೆ, ಹಾಗಾಗಿ ಒಂದೇ ಕಾರಿಗೆ ಐದು ಕಡೆ ಐದು ಬೆಲೆ.

ಅಂದರೆ ಹಿರಿಯ ಚಾಲಕರ ತೊಂದರೆ ಇರೋದು ಪ್ರೀಮಿಯಮ್ಮಿನಲ್ಲಿ ಅಲ್ಲ, ಕಾಗದಪತ್ರದಲ್ಲಿ.

ಹೆಸರು ಬದಲಾಯಿಸುವ ಜಾಣತನ

ಅಪ್ಪನಿಗೆ ವಯಸ್ಸಾಯ್ತು, ಕಾರನ್ನು ನನ್ನ ಹೆಸರಿಗೆ ಮಾಡಿಸಿದರೆ ವಿಮೆ ಸಲೀಸು ಅಂದುಕೊಳ್ಳುವ ಮಕ್ಕಳು ತುಂಬಾ ಜನ. ಇದು ಎರಡು ಕಡೆ ಹೊಡೆತ. ಕ್ಲೇಮ್ ಮಾಡದೆ ವರ್ಷಗಳಿಂದ ಗಳಿಸಿದ ನೋ ಕ್ಲೇಮ್ ಬೋನಸ್ ಕಾರಿಗೆ ಸೇರಿದ್ದಲ್ಲ, ಪಾಲಿಸಿದಾರರಿಗೆ ಸೇರಿದ್ದು. ಮಾಲೀಕತ್ವ ಬದಲಾದರೆ ನೀವು ಸೊನ್ನೆಯಿಂದ ಶುರು. ಮಾಲೀಕರು ತೀರಿಕೊಂಡು ಕಾರು ಸಂಗಾತಿಗೋ ಮಕ್ಕಳಿಗೋ ಬಂದಾಗ ಮಾತ್ರ ಆ ಬೋನಸ್ ಮುಂದುವರಿಸಿಕೊಳ್ಳಲು ಅವಕಾಶವಿದೆ. ಅಪ್ಪ ಹಳೆ ಕಾರು ಮಾರಿ ಚಿಕ್ಕದೊಂದು ತಗೊಳ್ಳೋದಾದರೆ ಕಂಪನಿಯಿಂದ ಎನ್‌ಸಿಬಿ ಪ್ರಮಾಣಪತ್ರ ಕೇಳಿ ಪಡೆಯಿರಿ, ಮೂರು ವರ್ಷದೊಳಗೆ ಬೇರೆ ಕಾರಿಗೆ ಬಳಸಬಹುದು.

ಎರಡನೆಯದು ಇನ್ನೂ ಗಂಭೀರ. ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯ ರೂ. 15 ಲಕ್ಷ ಸಿಗುವುದು 'ಓನರ್-ಡ್ರೈವರ್'ಗೆ. ಕಾರು ಬೆಂಗಳೂರಿನ ಮಗಳ ಹೆಸರಲ್ಲಿದ್ದು, ಹಾಸನದಲ್ಲಿ ಓಡಿಸುವವರು ಅಪ್ಪ ಆಗಿದ್ದರೆ, ಆ ರಕ್ಷಣೆ ಇರೋದು ಸ್ಟೀರಿಂಗ್ ಹಿಡಿಯದ ಮಗಳಿಗೆ. ಈಗಾಗಲೇ ಹಾಗೆ ಆಗಿದ್ದರೆ ಅಪ್ಪನಿಗೆ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿ.

ಬಂಪರ್ ಗೀರಿಗೆ ಕ್ಲೇಮ್ ಬೇಡ

ಗೇಟಿಗೆ ತಾಗಿದ್ದು, ಪಾರ್ಕಿಂಗ್ ಕಂಬಕ್ಕೆ ಒರೆಸಿದ್ದು, ಇಂಥ ಸಣ್ಣಪುಟ್ಟವಕ್ಕೆಲ್ಲ ಕ್ಲೇಮ್ ಮಾಡೋದು ಲಾಭವೇ? ಎಂಜಿನಿಯರಿಂಗ್ ಓದಿದ್ದಕ್ಕೆ ಉಳಿದಿರುವ ಚಟ ಲೆಕ್ಕ ಹಾಕೋದು, ಹಾಕಿಬಿಡ್ತೀನಿ. ಬೋನಸ್ ಏರುವ ಮೆಟ್ಟಿಲು ಶೇ. 20, 25, 35, 45, 50. ಶೇ. 50ರಲ್ಲಿ ಇರುವವರು ಒಂದು ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ಸೊನ್ನೆ. ಮತ್ತೆ 50 ಮುಟ್ಟುವ ಹೊತ್ತಿಗೆ ಕಳೆದುಕೊಂಡದ್ದನ್ನು ಕೂಡಿಸಿ: 50, 30, 25, 15, 5. ಒಟ್ಟು 125. ಅಂದರೆ ಬೋನಸ್ ಕಳೆಯುವ ಮುಂಚಿನ ಒಂದು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನ ಒಂದೂಕಾಲು ಪಟ್ಟು. ಆ ಪ್ರೀಮಿಯಂ ರೂ. 4,000 ಅಂತಿಟ್ಟುಕೊಂಡರೆ ನಷ್ಟ ರೂ. 5,000, ಜಿಎಸ್‌ಟಿ ಬೇರೆ. (ಐಡಿವಿ ವರ್ಷವರ್ಷ ಇಳಿಯುವುದರಿಂದ ನಿಜವಾದ ಮೊತ್ತ ತುಸು ಕಡಿಮೆ ಬರಬಹುದು.)

ಈ ಕಡೆ ಸಿಗುವುದೆಷ್ಟು? ಬಂಪರ್ ಪ್ಲಾಸ್ಟಿಕ್. ಝೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ. 1,500 ಸಿಸಿವರೆಗಿನ ಕಾರಿಗೆ ಮೊದಲ ರೂ. 1,000 ನಾವೇ ಕೊಡಬೇಕು. ರೂ. 6,000ದ ಬಂಪರಿಗೆ ಕೈಗೆ ಬರೋದು ರೂ. 2,000. ಎರಡು ಸಾವಿರಕ್ಕಾಗಿ ಐದು ಸಾವಿರ! ಗ್ಯಾರೇಜಿನವರು 'ಇನ್ಶೂರೆನ್ಸಲ್ಲಿ ಮಾಡಿಕೊಡ್ತೀವಿ ಸಾರ್, ಸೈನ್ ಹಾಕಿ' ಅಂದಾಗ ಅಪ್ಪ ನಿಮಗೊಂದು ಫೋನ್ ಮಾಡಲಿ. ಅಂದಹಾಗೆ, ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೂ ಬೋನಸ್ ಹೋಗುತ್ತೆ.

ಲೈಸೆನ್ಸ್: ಎಲ್ಲಕ್ಕಿಂತ ಮುಖ್ಯ

ಪಾಲಿಸಿ ಎಷ್ಟೇ ಚೆನ್ನಾಗಿದ್ದರೂ ಡಿಎಲ್ ಅವಧಿ ಮುಗಿದಿದ್ದರೆ ಸ್ವಂತ ಹಾನಿಯ ಕ್ಲೇಮನ್ನು ಕಂಪನಿ ತಿರಸ್ಕರಿಸಬಹುದು. ಗಾಯಗೊಂಡ ಮೂರನೆಯವರಿಗೆ ವಿಮಾ ಕಂಪನಿ ಪರಿಹಾರ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿ ಮಾಡುವ ದಾರಿಯನ್ನು ಸುಪ್ರೀಂ ಕೋರ್ಟ್ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಸಂತ್ರಸ್ತರಿಗೆ ಅದು ನ್ಯಾಯ. ಆದರೆ ಪಿಂಚಣಿಯಲ್ಲಿ ಬದುಕುವ ಮಾಲೀಕರಿಗೆ ಅಂಥ ವಸೂಲಿ ಅಂದರೆ ಮನೆ ಮಾರುವ ಮಾತು.

2019ರ ತಿದ್ದುಪಡಿ ಮಾಡಿದ ಬದಲಾವಣೆ ಹಿರಿಯರಲ್ಲಿ ಅನೇಕರಿಗೆ ಗೊತ್ತಿಲ್ಲ. 50ರಿಂದ 55ರೊಳಗೆ ಮಾಡಿಸಿದ ಲೈಸೆನ್ಸ್ 60ರವರೆಗೆ, 55ರ ನಂತರ ಮಾಡಿಸಿದ್ದು ಐದೈದು ವರ್ಷಕ್ಕೆ. ಅವಧಿ ಮುಗಿದ ಮೇಲೆ ಮೊದಲಿದ್ದ 30 ದಿನಗಳ ವಿನಾಯಿತಿ ಈಗಿಲ್ಲ. ಆದರೆ ಒಂದು ವರ್ಷ ಮುಂಚಿತವಾಗಿಯೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. ವೈದ್ಯರು ಸಹಿ ಮಾಡುವ ಫಾರ್ಮ್ 1ಎ ಕೂಡ ಬೇಕು. ಅದನ್ನು ಏಜೆಂಟ್ ಕೈಲಿ 'ಮ್ಯಾನೇಜ್' ಮಾಡಿಸದೆ ಕಣ್ಣನ್ನು ನಿಜವಾಗಿಯೂ ತೋರಿಸಿಸಿ. ಇವತ್ತೇ ಅಪ್ಪನ ಡಿಎಲ್ ಫೋಟೋ ತರಿಸಿಕೊಂಡು ದಿನಾಂಕ ನೋಡಿ.

ಏನು ಇಟ್ಟುಕೊಳ್ಳೋದು, ಏನು ಬಿಡೋದು

ಹಳೆಯ ಕಾರಿಗೆ ಬರೀ ಥರ್ಡ್ ಪಾರ್ಟಿ ಸಾಕೇ? ಐಡಿವಿ ಒಂದು ಲಕ್ಷದ ಆಸುಪಾಸಿಗೆ ಇಳಿದಿದ್ದು, ಕಳುವಾದರೆ ಆ ನಷ್ಟ ತಡೆದುಕೊಳ್ಳುವ ಶಕ್ತಿ ಇದ್ದರೆ ಸಾಕು ಅನ್ನೋದು ನನ್ನ ಅಭಿಪ್ರಾಯ. ಅದಕ್ಕಿಂತ ಹೆಚ್ಚು ಬೆಲೆಯ ಕಾರಿಗೆ ಸಮಗ್ರ ಪಾಲಿಸಿ ಬಿಡಬೇಡಿ. ಪ್ರೀಮಿಯಂ ಇಳಿಸಲು ಐಡಿವಿ ತೀರಾ ತಗ್ಗಿಸುವುದೂ ಬೇಡ, ಕಾರು ಪೂರ್ತಿ ಹೋದ ದಿನ ಸಿಗೋದು ಅಷ್ಟೇ.

ರೋಡ್‌ಸೈಡ್ ಅಸಿಸ್ಟೆನ್ಸ್ ತಗೊಳ್ಳಿ. 70ರ ವಯಸ್ಸಲ್ಲಿ ಹೆದ್ದಾರಿ ಬದಿ ಟೈರ್ ಬದಲಿಸೋದು ಯಾರಿಗೂ ಬೇಡ. ದೂರದ ಪ್ರಯಾಣಕ್ಕೆ ಸಂಬಳದ ಡ್ರೈವರ್ ಇಟ್ಟುಕೊಂಡಿದ್ದರೆ 'ಪೇಯ್ಡ್ ಡ್ರೈವರ್' ಹೊಣೆಗಾರಿಕೆ ಸೇರಿಸಿ. ರಿಟರ್ನ್ ಟು ಇನ್‌ವಾಯ್ಸ್ ಹಳೆ ಕಾರಿಗೆ ಅರ್ಥವಿಲ್ಲ. ಬಡಾವಣೆ ತಗ್ಗಿನಲ್ಲಿದ್ದರೆ ಎಂಜಿನ್ ಪ್ರೊಟೆಕ್ಟ್ ಯೋಚಿಸಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ್ದು ನೆನಪಿದೆಯಲ್ಲ. ಮೂರನೆಯವರ ಆಸ್ತಿ ಹಾನಿಯ ಹೊಣೆಯನ್ನು ರೂ. 7.5 ಲಕ್ಷದಿಂದ ರೂ. 6,000ಕ್ಕೆ ಇಳಿಸಿಕೊಳ್ಳುವ ಆಯ್ಕೆ ಒಂದಿದೆ. ಟ್ಯಾರಿಫ್ ಪ್ರಕಾರ ಅದರಿಂದ ಉಳಿಯೋದು ನೂರು ರೂಪಾಯಿ. ಆ ಟಿಕ್ ದಯವಿಟ್ಟು ಹಾಕಬೇಡಿ.

ಇನ್ನು ರಾಜಕೀಯದ ಮಾತು. ವಯಸ್ಸು ನೋಡದ ದರ ಸರಿಯಾದದ್ದೇ, ಅದನ್ನು ಉಳಿಸಿಕೊಳ್ಳಬೇಕು. ಆದರೆ ದೂರವನ್ನೂ ನೋಡದ ದರ ಅನ್ಯಾಯ. ವಾರಕ್ಕೊಮ್ಮೆ ಮಾರುಕಟ್ಟೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಓಡಿಸುವ ನಿವೃತ್ತ ಮೇಷ್ಟ್ರು, ದಿನಾ ನೂರು ಕಿಲೋಮೀಟರ್ ಓಡಿಸುವವರು ಕಟ್ಟುವಷ್ಟೇ ಥರ್ಡ್ ಪಾರ್ಟಿ ಪ್ರೀಮಿಯಂ ಕಟ್ಟುತ್ತಾರೆ. 2022ರ ಜುಲೈನಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ 'ಪೇ ಆ್ಯಸ್ ಯು ಡ್ರೈವ್' ಅಂದರೆ ಓಡಿಸಿದಷ್ಟಕ್ಕೆ ಕಟ್ಟುವ ಸೌಲಭ್ಯಕ್ಕೆ ಒಪ್ಪಿಗೆ ಕೊಟ್ಟಿತು, ಆದರೆ ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ಕಡಿಮೆ ಓಡಿಸುವ ಹಿರಿಯರು ಅದನ್ನು ಕೇಳಿ ಪಡೆಯಲಿ, ಕಿಲೋಮೀಟರ್ ಮಿತಿ ದಾಟಿದರೆ ಏನಾಗುತ್ತದೆ ಅಂತ ಮೊದಲೇ ಓದಿಕೊಂಡು. ಥರ್ಡ್ ಪಾರ್ಟಿಗೂ ಅದು ಬರಬೇಕಾದರೆ ಅಧಿಸೂಚನೆ ಹೊರಡಿಸುವ ಸಾರಿಗೆ ಸಚಿವಾಲಯವನ್ನೇ ಕೇಳಬೇಕು.

ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ಅರ್ಜಿ ಹೋಗಬೇಕು.