ಗೆಲಿಲಿಯಪ್ಪನವರ

‘ನೀ ಯಾರ ಪೈಕಿ?’ ಕದರಮಂಡಲಗಿಯಲ್ಲಿ ಹಿರಿಯರು ಮೊದಲು ಕೇಳುವ ಪ್ರಶ್ನೆ ಇದು. ‘ಹನುಮಪ್ಪನವರ ಪೈಕಿ’ ಎಂದರೆ ಸಾಕು. ಮನೆ, ಹೊಲ, ಬೀಗರು ಎಲ್ಲ ಅವರಿಗೆ ತಿಳಿದುಹೋಗುತ್ತದೆ. ಕಾಂತೇಶನ ಊರಿನಲ್ಲಿ ಹನುಮಪ್ಪ ಎಂಬ ಹೆಸರಿಗೆ ಬರವಿಲ್ಲ. ಆದರೆ ನಮ್ಮ ಅಡ್ಡಹೆಸರಿನ ಹನುಮಪ್ಪ ಒಬ್ಬನೇ, ನಮ್ಮಜ್ಜನ ಮುತ್ತಜ್ಜ.

ಹತ್ತನೇ ತರಗತಿಯ ಅಂಕಪಟ್ಟಿ ಸಿದ್ಧವಾಗುವಾಗ ಯಾರೋ ‘ನವರ’ ಎಂಬುದನ್ನು ಗೌರವಸೂಚಕ ಎಂದುಕೊಂಡು ಕೈಬಿಟ್ಟಿದ್ದರು. ಆಧಾರ್ ಕಾರ್ಡಿನಲ್ಲಿ ಅದು ಉಳಿದಿದೆ. ಈಗ ಪಿಎಚ್‌ಡಿ ಪ್ರಬಂಧ ಸಲ್ಲಿಸಬೇಕಾದರೆ ಎರಡೂ ಹೊಂದಬೇಕು. ‘ನವರ’ ಬಿಟ್ಟುಬಿಡುವುದೇ ಸುಲಭ ಎಂದು ಹಲವರು ಹೇಳಿದರು.

ವಿಜ್ಞಾನದ ಇತಿಹಾಸ ಓದುವ ನನಗೆ ಆಗ ಗೆಲಿಲಿಯೋ ಗೆಲಿಲಿ ನೆನಪಾದ. ಒಂದೇ ಹೆಸರನ್ನು ಎರಡು ಸಲ ಕರೆದಂತಿದೆ ಎಂದು ಶಾಲೆಯಲ್ಲಿ ನಗುತ್ತಿದ್ದೆವು. ಅದು ನಿಜವೂ ಹೌದು. ಆ ಮನೆತನದ ಹಳೆಯ ಅಡ್ಡಹೆಸರು ಬೊನಾಯುತಿ. 15ನೇ ಶತಮಾನದ ಫ್ಲಾರೆನ್ಸ್‌ನಲ್ಲಿ ಗೆಲಿಲಿಯೋ ಬೊನಾಯುತಿ ಎಂಬ ಹೆಸರಾಂತ ವೈದ್ಯನಿದ್ದ. ಅವನ ಗೌರವಕ್ಕಾಗಿ ಮುಂದಿನವರು ತಮ್ಮನ್ನು ‘ಗೆಲಿಲಿ’ ಎಂದು ಕರೆದುಕೊಂಡರು. ಇಟಲಿಯ ಎಷ್ಟೋ ಅಡ್ಡಹೆಸರುಗಳ ಕೊನೆಯ ‘ಇ’ಕಾರ ಇಡೀ ಮನೆತನವನ್ನು ಸೂಚಿಸುತ್ತದೆ. ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಗೆಲಿಲಿ ಎಂದರೆ ‘ಗೆಲಿಲಿಯಪ್ಪನವರ’!

ಸಂಗೀತಗಾರ ವಿನ್ಸೆಂಜೊ ಗೆಲಿಲಿ 1564ರಲ್ಲಿ ಪೀಸಾದಲ್ಲಿ ಹುಟ್ಟಿದ ಹಿರಿಮಗನಿಗೆ ಆ ಹಿರಿಯನ ಹೆಸರನ್ನೇ ಇಟ್ಟ. 1610ರ ಜನವರಿಯಲ್ಲಿ ದೂರದರ್ಶಕ ಹಿಡಿದು ಗುರುಗ್ರಹದ ಉಪಗ್ರಹಗಳನ್ನು ಕಂಡವನು ಈ ಮಗ. ಆಗಿನ ಇಟಲಿಯಲ್ಲಿ ಅಡ್ಡಹೆಸರು ಕಡ್ಡಾಯವಾಗಿರಲಿಲ್ಲ. ಜಗತ್ತು ಅವನನ್ನು ಮೊದಲ ಹೆಸರಿನಿಂದಲೇ ಗುರುತಿಸಿತು. ವೈದ್ಯ ಗೆಲಿಲಿಯೋನ ಸಮಾಧಿ ಇರುವುದು ಫ್ಲಾರೆನ್ಸ್‌ನ ಸಾಂತಾ ಕ್ರೋಚೆ ಚರ್ಚಿನೊಳಗೆ. ವಿಜ್ಞಾನಿ 1642ರಲ್ಲಿ ತೀರಿಕೊಂಡಾಗ ಚರ್ಚಿನ ವಿಚಾರಣೆಯಲ್ಲಿ ಶಿಕ್ಷೆಗೊಳಗಾದವನೆಂಬ ಕಾರಣಕ್ಕೆ ಅಲ್ಲಿ ಗೌರವದ ಜಾಗ ಸಿಗಲಿಲ್ಲ. ಪಕ್ಕದ ಚಿಕ್ಕ ಕೋಣೆಯಲ್ಲಿ ಹೂಳಿದರು. ಮುಖ್ಯ ಭಾಗಕ್ಕೆ ತಂದದ್ದು 1737ರಲ್ಲಿ. ಹೆಸರು ಕೊಟ್ಟವನಿದ್ದ ಅಂಗಳಕ್ಕೆ ಹೆಸರು ಬೆಳಗಿಸಿದವನು ಸೇರಲು 95 ವರ್ಷ ಬೇಕಾಯಿತು.

ನಮ್ಮ ಹನುಮಪ್ಪನಿಗೆ ಸಮಾಧಿಯ ಕಲ್ಲಿಲ್ಲ, ಪುಸ್ತಕದಲ್ಲಿ ಸಾಲಿಲ್ಲ. ಅವನಿಗಿರುವ ಏಕೈಕ ದಾಖಲೆ ನಮ್ಮ ಅಡ್ಡಹೆಸರು. ಕಳೆದ ವಾರ ಊರಿಗೆ ಹೋದಾಗ ಅಜ್ಜನಿಗೆ ವಿಷಯ ತಿಳಿಸಿದೆ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ಅಜ್ಜ ಅಂದ: ‘ನವರ ತಗದ್ರ ಹನುಮಪ್ಪ ಒಬ್ಬನ ಉಳೀತಾನ. ನಾವೆಲ್ಲಿ ಉಳದ್ವಿ?’

ಮರುದಿನ ಬ್ಯಾಡಗಿಗೆ ಹೋಗಿ ಅಫಿಡವಿಟ್ ಮಾಡಿಸಿದೆ. ಪ್ರಬಂಧದ ಮೊದಲ ಪುಟದಲ್ಲಿ ಆ ಮೂರು ಅಕ್ಷರ ಇರುತ್ತವೆ.