ಪರಂಗಿ

ತಲೆಮಾರುಗಳ ನಾಲಗೆಯಲ್ಲಿ ಸವೆಯುತ್ತ ಬಂದ ಶಬ್ದಗಳಲ್ಲಿ ‘ಪರಂಗಿ’ಯಷ್ಟು ದೂರ ಸಂಚರಿಸಿ, ಅಷ್ಟು ವಿಭಿನ್ನ ವಸ್ತುಗಳನ್ನು ಆಶ್ರಯಿಸಿಕೊಂಡದ್ದು ವಿರಳ. ಯೂರೋಪಿನ ಫ್ರಾಂಕ್ ಜನಾಂಗದ ಹೆಸರನ್ನು ಅರಬರು ಪಾಶ್ಚಾತ್ಯರೆಲ್ಲರಿಗೂ ಹಚ್ಚಿದರು. ಅದೇ ಪಾರಸಿಯ ಬಾಯಲ್ಲಿ ‘ಫರಂಗಿ’ಯಾಗಿ ದಖ್ಖನಿಗಿಳಿದು, ಮೈಸೂರು ಸೀಮೆಯಲ್ಲಿ ಹಣ್ಣಾಯಿತು, ಮರಾಠಿಯಲ್ಲಿ ಖಡ್ಗವಾಯಿತು, 16ನೆಯ ಶತಮಾನದ ವೈದ್ಯಗ್ರಂಥವಾದ ಭಾವಪ್ರಕಾಶದಲ್ಲಿ ರೋಗವಾಯಿತು, ಕನ್ನಡದಲ್ಲಿ ಕೋಟೆಗೋಡೆಯನ್ನೊಡೆಯುವ ಫಿರಂಗಿಯಾಯಿತು.

ಈ ಕಡೆಯ ಅರ್ಥವನ್ನು ಕಣ್ಣಾರೆ ಕಾಣಲು ನ್ಯಾಲ್ಕಲ್ಲಿನವರು ಬಹುದೂರ ಹೋಗಬೇಕಾದುದಿಲ್ಲ. 1956ರಲ್ಲಿ ಬೀದರ ತಾಲೂಕಿನಿಂದ ಬೇರ್ಪಟ್ಟು ಆಂಧ್ರಪ್ರದೇಶವನ್ನು ಸೇರಿ, ಈಗ ತೆಲಂಗಾಣದಲ್ಲಿರುವ ಈ ಪ್ರಾಂತಕ್ಕೆ ಬೀದರದ ಕೋಟೆಯು ಇಂದಿಗೂ ನೆರೆಮನೆಯೇ. ಅಲ್ಲಿಯ ಬುರುಜುಗಳ ಮೇಲೆ, ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಒತ್ತಾಗಿ ಜೋಡಿಸಿ, ಮೇಲೆ ಬಳೆಬಳೆಯಾಗಿ ಲೋಹದ ಕಟ್ಟು ಬಿಗಿದು ಮಾಡಿದ ತೋಪುಗಳು ಬಿಸಿಲಿನಲ್ಲಿ ಮಲಗಿವೆ. ಮುಟ್ಟಿದರೆ ಒಂದೊಂದು ಬಳೆಯ ಅಂಚೂ ಬೆರಳಿಗೆ ತಗಲುತ್ತದೆ.

ಇದೇ ಬೀದರದಲ್ಲಿ 1794ರಲ್ಲಿ ನಿಜಾಮ ಅಲಿ ಖಾನನು ಬೀಡುಬಿಟ್ಟಿದ್ದಾಗ, ಅವನ ಸೈನ್ಯದಲ್ಲಿ ಮನುಷ್ಯರೂಪದ ಪರಂಗಿಗಳಿದ್ದರು. ಅವರ ನಾಯಕ ಮಿಶೆಲ್ ರೇಮೋನ್ ಎಂಬ ಫ್ರೆಂಚನು. ಯಾವ ದೊರೆಯ ಬಲವಂತವೂ ಇಲ್ಲದೆ, ವೇತನವನ್ನೂ ಕೀರ್ತಿಯನ್ನೂ ಅರಸಿ, ತನ್ನ ಇಚ್ಛೆಯಿಂದಲೇ ಪರದೊರೆಯ ಸೇವೆಗೆ ನಿಂತ ಈತನು ಹೈದರಾಬಾದಿನಲ್ಲಿ ತೋಪುಗಳನ್ನು ಎರಕಹೊಯ್ಯುವ ಕಾರ್ಖಾನೆಯನ್ನೂ ನಡೆಸಿದನು. ಪರಂಗಿಯೇ ಫಿರಂಗಿಯನ್ನು ಮಾಡಿದನೆಂದರೆ ಶಬ್ದದ ಎರಡು ಬಾಳುಗಳೂ ಒಂದೇ ಕುಲುಮೆಯಲ್ಲಿ ಸಂಧಿಸಿದಂತಾಯಿತು. 1795ರ ಮಾರ್ಚಿಯಲ್ಲಿ ಖರ್ಡಾದ ರಣದಲ್ಲಿ ಮರಾಠರೆದುರು ನಿಂತ ಅವನ ಪಡೆಯೇ, ಅದೇ ವರ್ಷ ತಂದೆಯ ವಿರುದ್ಧ ದಂಗೆಯೆದ್ದು ಬೀದರವನ್ನು ಹಿಡಿದ ರಾಜಕುಮಾರ ಆಲೀಜಾನನ್ನು ಬೆನ್ನಟ್ಟಿತು.

ಇನ್ನೊಂದು ದಿಕ್ಕಿನಲ್ಲಿ, ಮಾರಿಷಸ್ ದ್ವೀಪದ ಗವರ್ನರ್ ಮಾಲಾರ್ತಿಕನು 1798ರ ಜನವರಿ 30ರಂದು, ಟೀಪುವಿನ ಪಕ್ಷದಲ್ಲಿ ಕಾದಲು ಸ್ವಇಚ್ಛೆಯಿಂದ ಬರತಕ್ಕವರು ಮುಂದೆ ಬರಲೆಂದು ಘೋಷಣಾಪತ್ರವನ್ನು ಹೊರಡಿಸಿದನು. ಸಹಸ್ರಾರು ಸೈನಿಕರನ್ನು ನಿರೀಕ್ಷಿಸಿದ್ದ ಸುಲ್ತಾನನಿಗಾಗಿ ಏಪ್ರಿಲಿನಲ್ಲಿ ಮಂಗಳೂರಿನ ಕಡಲತೀರಕ್ಕೆ ಇಳಿದವರು ಸುಮಾರು ನೂರು ಮಂದಿ. ನೂರು ಜನರಿಂದ ಯಾವ ಸಾಮ್ರಾಜ್ಯವೂ ಉರುಳದು. ಆದರೂ ಆ ಪತ್ರವನ್ನೇ ಯುದ್ಧಕ್ಕೆ ಕಾರಣವಾಗಿ ಮುಂದುಮಾಡಲು ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅಷ್ಟೇ ಸಾಕಾಯಿತು. ಬ್ರಿಟಿಷರೊಡನೆ ಮಾಡಿಕೊಂಡ ಸೆಪ್ಟೆಂಬರ್ 1ರ ಒಪ್ಪಂದದಂತೆ ನಿಜಾಮನು ಫ್ರೆಂಚರ ಪಡೆಯನ್ನು ಕಳಚಿಹಾಕಲು ಒಪ್ಪಿದನು. ಅಕ್ಟೋಬರ್ 22ರಂದು, ಸುಮಾರು 14,000 ಮಂದಿಯ ಆ ಪಡೆಯು ರಕ್ತಪಾತವಿಲ್ಲದೆಯೇ ಆಯುಧವನ್ನು ಕೆಳಗಿಟ್ಟಿತು. ಅದರ ಸಿಪಾಯಿಗಳಲ್ಲಿ ಅನೇಕರು ಮರುವರ್ಷವೇ ಬ್ರಿಟಿಷ್ ಅಧಿಕಾರಿ ಮಾಲ್ಕಮನ ಕೈಕೆಳಗೆ ಶ್ರೀರಂಗಪಟ್ಟಣಕ್ಕೆ ನಡೆದರು. 1799ರ ಮೇ 4ರಂದು ಕೋಟೆಯು ಬಿದ್ದಾಗ ಒಳಗೆ ಕಾಯುತ್ತಿದ್ದವರಲ್ಲಿಯೂ ಪರಂಗಿಗಳಿದ್ದರು, ಬಿರುಕಿನಿಂದ ನುಗ್ಗಿದವರಲ್ಲಿಯೂ ಪರಂಗಿಗಳಿದ್ದರು.

ನೆಲವನ್ನು ಕಬಳಿಸಲು ಬಂದವನನ್ನೂ, ಅದನ್ನು ಕಾಯುವವನ ಮಗ್ಗುಲಲ್ಲಿ ತಾನಾಗಿ ಬಂದು ನಿಂತವನನ್ನೂ ಒಂದೇ ಹೆಸರಿನಲ್ಲಿ ಕಟ್ಟಿಹಾಕಿದ್ದು ನನಗೆ ಬಹಳ ನೋವಿನ ಸಂಗತಿಯಾಗಿ ತೋರುತ್ತದೆ. ಬಂದವರೆಲ್ಲರೂ ನಿಷ್ಕಾಮರಾಗಿದ್ದರೆಂದಲ್ಲ, ಫ್ರಾನ್ಸಿಗೆ ತನ್ನದೇ ಲೆಕ್ಕಾಚಾರವಿತ್ತು, ಒಬ್ಬೊಬ್ಬನಿಗೂ ಅವನವನ ಆಸೆಯಿತ್ತು. ಆದರೆ ಪರನಾಡಿನ ಮಳೆಬಿಸಿಲಿನಲ್ಲಿ, ಸೋಲು ಸಮೀಪಿಸಿದ ಪಕ್ಷದಲ್ಲಿ ನಿಂತವನಿಗೆ ಬಣ್ಣವನ್ನು ಮೀರಿದ ಒಂದು ಹೆಸರು ಸಲ್ಲಬೇಕಾಗಿತ್ತು.

ವಿದ್ವಾಂಸರು ಮಾಡದ ಈ ಕೆಲಸವನ್ನು ಹೈದರಾಬಾದಿನ ಸಾಮಾನ್ಯ ಜನರು ಒಬ್ಬನ ವಿಷಯದಲ್ಲಿಯಾದರೂ ಮಾಡಿದರು. 1798ರ ಮಾರ್ಚಿಯಲ್ಲಿ, ತನ್ನ ಪಡೆಯ ಅವಸಾನಕ್ಕೆ ಏಳು ತಿಂಗಳು ಮೊದಲೇ ರೇಮೋನ್ ತೀರಿಕೊಂಡನು. ನಗರದ ಪೂರ್ವದ ಗುಡ್ಡದ ಮೇಲೆ ಅವನ ಗೋರಿಯಿದೆ. ಅಲ್ಲಿ ಬಹುಕಾಲ ವರ್ಷಕ್ಕೊಮ್ಮೆ ಉರುಸು ನಡೆಯುತ್ತಿತ್ತು. ದೀಪ ಹಚ್ಚಲು ಹೋದ ಮುಸಲ್ಮಾನರು ಅವನನ್ನು ಮೂಸಾ ರಹೀಮನೆಂದರು, ಹಿಂದೂಗಳು ಮೂಸಾ ರಾಮನೆಂದರು. ಸಮೀಪದ ಬಡಾವಣೆಗೆ ಮೂಸಾರಾಂಬಾಗ್ ಎಂಬ ಹೆಸರು ಈಗಲೂ ನಡೆಯುತ್ತಿದೆ.